‘ಬರೆಯುವುದೊಂದೇ ಬಾಕಿ’ ಎನ್ನುವ ಸಂಶೋಧನಾರ್ಥಿಗಳಿಗೆ

“ಎಲ್ಲ ಆಗಿದೆ ಸರ್, ಬರೆಯುವುದೊಂದೇ ಬಾಕಿ.” ಪಿಎಚ್‌.ಡಿ. ಎಲ್ಲಿಗೆ ಬಂತು ಎಂದು ಕೇಳಿದಾಗ ಸಂಶೋಧನಾರ್ಥಿಗಳು ಕೊಡುವ ಉತ್ತರ ಇದು. ಒಂದು ಕಾಲಕ್ಕೆ ನಾನೂ ಇದನ್ನೇ ಹೇಳುತ್ತಿದ್ದೆ. ಕೋಲಾರ ಸೀಮೆಯ ಕೆರೆಗಳು ನನ್ನ ವಿಷಯ. ಕಾಲೇಜಿನಲ್ಲಿ ಪಾಠ ಹೇಳುತ್ತ, ರಜೆ ಸಿಕ್ಕಾಗಲೆಲ್ಲ ಮೂರು ವರ್ಷ ಊರೂರು ಸುತ್ತಿದೆ. ಏರಿ, ತೂಬು, ಕೋಡಿಗಳ ಫೋಟೊ ತೆಗೆದೆ. ಕೆರೆ ನೀರು ಹಂಚುವ ನೀರುಗಂಟಿಗಳ ಮನೆಯ ಜಗಲಿಯಲ್ಲಿ ಕೂತು ಅವರ ಮಾತನ್ನು ಧ್ವನಿಮುದ್ರಿಸಿಕೊಂಡೆ. ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟದಲ್ಲಿ, ಅಂದರೆ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟದಲ್ಲಿ, ಕೆರೆಯ ಮಾತು ಬಂದ ಕಡೆಗಳಲ್ಲೆಲ್ಲ ಕಾಗದದ ಚೂರು ಇಟ್ಟೆ. ಜೆರಾಕ್ಸ್ ಪ್ರತಿಗಳಿಂದ ಒಂದು ಅಕ್ಕಿ ಚೀಲ ತುಂಬಿತು. ನಾಲ್ಕನೇ ವರ್ಷದಲ್ಲಿ ಮಾರ್ಗದರ್ಶಕರು “ಒಂದು ಅಧ್ಯಾಯ ತಂದುಕೊಡಿ, ನೋಡೋಣ” ಎಂದರು. ಕೊಡಲು ನನ್ನ ಬಳಿ ಒಂದು ಪುಟವೂ ಇರಲಿಲ್ಲ.

ಆಮೇಲೆ ಹದಿನಾಲ್ಕು ತಿಂಗಳು ಆ ಚೀಲ ಮಂಚದ ಕೆಳಗೆ ಇತ್ತು. ಈಗ ನಾನೇ ಮಾರ್ಗದರ್ಶಕನಾಗಿರುವಾಗ ಅದೇ ಚೀಲ ಬೇರೆ ಬೇರೆ ರೂಪದಲ್ಲಿ ಎದುರಾಗುತ್ತದೆ: ಪೆನ್‌ಡ್ರೈವ್, ಗೂಗಲ್ ಡ್ರೈವ್, ನಾಲ್ಕು ನೋಟ್‌ಬುಕ್. ಬುದ್ಧಿವಂತರು, ಶ್ರಮಜೀವಿಗಳು, ತಮ್ಮ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಬರೆಯುವ ಹೊತ್ತಿಗೆ ನಿಂತುಬಿಡುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ‘ಬರೆಯುವುದೊಂದೇ ಬಾಕಿ’ ಎಂಬ ಆ ಮಾತಿನಲ್ಲೇ ತೊಡಕು ಅಡಗಿದೆ ಎಂಬುದು ನನ್ನ ನಂಬಿಕೆ. ಸಂಶೋಧನೆ ಮುಗಿದ ಮೇಲೆ ಉಳಿಯುವ ಕೆಲಸವೆಂದು ಬರವಣಿಗೆಯನ್ನು ಎಣಿಸುವವರೆಗೂ ಅದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ನೀವು ಸಂಗ್ರಹಿಸಿದ್ದಕ್ಕೆ ಏನು ಅರ್ಥ ಎಂಬುದು ಬರೆಯುತ್ತ ಹೋದಂತೆ ಮಾತ್ರ ತಿಳಿಯುತ್ತದೆ. ಸಂಶೋಧನೆಯ ಅರ್ಧ ಅಲ್ಲೇ ನಡೆಯುತ್ತದೆ.

ಇದು ಸೋಮಾರಿತನವಲ್ಲ

ಮೊದಲು ಈ ಬೈಗುಳವನ್ನು ಬದಿಗಿಡಿ. ಬರೆಯುವುದನ್ನು ಮುಂದೂಡುವವರ ದಿನಚರಿ ಗಮನಿಸಿ: ಮೌಲ್ಯಮಾಪನಕ್ಕೆ ಹೋಗುತ್ತಾರೆ, ಎನ್ಎಸ್ಎಸ್ ಶಿಬಿರ ನಡೆಸುತ್ತಾರೆ, ನ್ಯಾಕ್ ಕಡತ ಸಿದ್ಧಮಾಡುತ್ತಾರೆ, ಮನೆಯ ಮದುವೆಗೆ ಹದಿನೈದು ದಿನ ಓಡಾಡುತ್ತಾರೆ. ಸೋಮಾರಿಗಳು ಇಷ್ಟೆಲ್ಲ ಮಾಡುವುದಿಲ್ಲ. ಇವರು ತಪ್ಪಿಸಿಕೊಳ್ಳುವುದು ಒಂದೇ ಒಂದು ಗಳಿಗೆಯಿಂದ: ಖಾಲಿ ಪುಟ ತೆರೆದು, ಮೊದಲ ಸಾಲು ಬರೆದು, ಅದು ತಮ್ಮ ಮಟ್ಟಕ್ಕೆ ಇಲ್ಲ ಎಂದು ಕಾಣುವ ಆ ಗಳಿಗೆಯಿಂದ. ಕಡತ ಮುಚ್ಚಿದ ಕೂಡಲೇ ಎದೆ ಹಗುರಾಗುತ್ತದೆ. ಆ ಹಗುರವೇ ಮರುದಿನವೂ ಮುಚ್ಚಲು ಪ್ರೇರಣೆಯಾಗುತ್ತದೆ.

ಡಯಾನ್ ಟೈಸ್ ಮತ್ತು ರಾಯ್ ಬೌಮೈಸ್ಟರ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ವಿದ್ಯಾರ್ಥಿಗಳನ್ನು ಒಂದು ಸೆಮಿಸ್ಟರ್ ಉದ್ದಕ್ಕೂ ಗಮನಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಸೆಮಿಸ್ಟರಿನ ಆರಂಭದಲ್ಲಿ ಮುಂದೂಡುವವರು ಉಳಿದವರಿಗಿಂತ ನೆಮ್ಮದಿಯಾಗಿದ್ದರು, ಅವರ ಆರೋಗ್ಯವೂ ಚೆನ್ನಾಗಿತ್ತು. ಕೊನೆಯ ಹೊತ್ತಿಗೆ ಎಲ್ಲ ತಿರುವುಮುರುವಾಯಿತು: ಅವರ ಒತ್ತಡ ಹೆಚ್ಚು, ಕಾಯಿಲೆ ಹೆಚ್ಚು, ಅಂಕ ಕಡಿಮೆ. ಆದ್ದರಿಂದ ಮುಂದಿನ ಹೆಜ್ಜೆಗಳೆಲ್ಲ ಇಚ್ಛಾಶಕ್ತಿಯನ್ನು ಬೆಳೆಸುವುದರ ಬಗ್ಗೆ ಅಲ್ಲ. ಆ ಒಂದು ಗಳಿಗೆಯ ಭಾರವನ್ನು ಇಳಿಸುವುದರ ಬಗ್ಗೆ.

ಮೊದಲ ಹೆಜ್ಜೆ: ನೋಂದಣಿ ಪತ್ರವನ್ನು ಹೊರತೆಗೆಯಿರಿ

ನಿಮ್ಮ ಗಡುವು ಯಾವ ದಿನ ಎಂದು ನಿಮಗೆ ಖಚಿತವಾಗಿ ಗೊತ್ತೇ? ಕೇಳಿದ ತಕ್ಷಣ ತಿಂಗಳು ಸಹಿತ ಹೇಳುವವರು ಕಡಿಮೆ. ಭಯದಿಂದ ಆ ಪತ್ರವನ್ನೇ ನೋಡದವರಿದ್ದಾರೆ. ನೋಡಿ. 2022ರ ನವೆಂಬರ್‌ನಲ್ಲಿ ಬಂದ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಾವಳಿಯ ಪ್ರಕಾರ ಪಿಎಚ್‌.ಡಿ.ಗೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯ ಮೂಲಕ ಇನ್ನೂ ಎರಡು ವರ್ಷದವರೆಗೆ ಸಿಗಬಹುದು. ಮಹಿಳೆಯರಿಗೆ ಮತ್ತು ಶೇಕಡಾ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಎರಡು ವರ್ಷ. ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನದವರೆಗೆ ರಜೆ ಇದೆ. ನೀವು ಹಳೆಯ ನಿಯಮದಡಿ ನೋಂದಾಯಿಸಿದ್ದರೆ ಲೆಕ್ಕ ಬೇರೆಯಾಗಬಹುದು. ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗಕ್ಕೆ ಹೋಗಿ ಬರಹದಲ್ಲೇ ಕೇಳಿ ತಿಳಿದುಕೊಳ್ಳಿ. ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಈಗ ಸಣ್ಣ ಗಣಿತ. 250 ಪುಟದ ಮಹಾಪ್ರಬಂಧ, ಪುಟಕ್ಕೆ 200 ಪದ ಎಂದುಕೊಂಡರೆ ಒಟ್ಟು 50,000 ಪದ. ದಿನಕ್ಕೆ ಒಂದು ಪುಟ, ವಾರಕ್ಕೆ ಐದು ದಿನ ಬರೆದರೆ 50 ವಾರದಲ್ಲಿ ಮೊದಲ ಕರಡು ಕೈಗೆ ಬರುತ್ತದೆ. ನಾನು ಈ ಲೆಕ್ಕವನ್ನು ಬಸ್ ಟಿಕೆಟ್ಟಿನ ಹಿಂದೆ ಬರೆದು ನೋಡಿದ ದಿನ ಮೊದಲ ಬಾರಿಗೆ ನನಗೆ ಧೈರ್ಯ ಬಂತು. ಅಲ್ಲಿಯವರೆಗೆ ಮಹಾಪ್ರಬಂಧ ಎಂದರೆ ಬೆಟ್ಟ ಎಂಬ ಭಾವನೆ ಇತ್ತು. ಈಗ ಅದು ದಿನಕ್ಕೊಂದು ಪುಟವಾಯಿತು.

ಆದರೆ 50 ವಾರ ಎಂದು ಬಂದ ಲೆಕ್ಕವನ್ನು ಹಾಗೆಯೇ ನಂಬಬೇಡಿ. 1994ರಲ್ಲಿ ಪ್ರಕಟವಾದ ಕೆನಡಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಪದವಿಯ ಕೊನೆಯ ಪ್ರಬಂಧ ಬರೆಯುತ್ತಿದ್ದ ಮನೋವಿಜ್ಞಾನದ ವಿದ್ಯಾರ್ಥಿಗಳನ್ನು, ನಿಮಗೆ ಎಷ್ಟು ದಿನ ಬೇಕು ಎಂದು ಕೇಳಿದರು. ಸರಾಸರಿ ಉತ್ತರ 33.9 ದಿನ. ವಾಸ್ತವವಾಗಿ ಹಿಡಿದದ್ದು 55.5 ದಿನ. ಎಲ್ಲವೂ ಕೆಟ್ಟರೆ ಎಷ್ಟು ದಿನ ಎಂದು ಕೇಳಿದಾಗ ಹೇಳಿದ ಅಂದಾಜು ಕೂಡ ಇದಕ್ಕಿಂತ ಕಡಿಮೆಯೇ ಇತ್ತು. ಹಾಗಾಗಿ ನಿಮ್ಮ ಅಂದಾಜಿಗೆ ಅರ್ಧಕ್ಕಿಂತ ಹೆಚ್ಚು ಸೇರಿಸಿ. 50 ವಾರ ಎಂದು ಬಂದರೆ 80 ವಾರ ಎಂದು ಬರೆದುಕೊಳ್ಳಿ. ಮನೆಯಲ್ಲಿ ಜ್ವರ, ಕಾಲೇಜಿನಲ್ಲಿ ಪರೀಕ್ಷೆ, ಊರಿನ ಜಾತ್ರೆ, ಎಲ್ಲಕ್ಕೂ ಅದರಲ್ಲಿ ಜಾಗ ಇರುತ್ತದೆ.

ಸಂಗ್ರಹಕ್ಕೆ ಏರಿ ಕಟ್ಟಿ

ಮುಂದೂಡಿಕೆ ಅತ್ಯಂತ ಗೌರವದ ವೇಷದಲ್ಲಿ ಬರುವುದು ಇಲ್ಲಿ. “ಇನ್ನೂ ಒಂದು ಪುಸ್ತಕ ಸಿಗಬೇಕು”, “ಇನ್ನೆರಡು ಊರಿಗೆ ಹೋಗಿಬಂದರೆ ಆಯಿತು”, “ಪತ್ರಾಗಾರದಲ್ಲಿ ಒಂದು ಕಡತ ಇದೆಯಂತೆ”. ಇವೆಲ್ಲ ಸಂಶೋಧನೆಯ ಮಾತುಗಳೇ ಆದ್ದರಿಂದ ಯಾರೂ ನಿಮ್ಮನ್ನು ತಡೆಯುವುದಿಲ್ಲ. ಮಾರ್ಗದರ್ಶಕರೂ ಭೇಷ್ ಎನ್ನುತ್ತಾರೆ. ಓದುವಾಗ ನಮಗೆ ಯಾರೂ ಅಂಕ ಹಾಕುವುದಿಲ್ಲ, ಬರೆದಾಗ ಹಾಕುತ್ತಾರೆ. ಹೀಗಾಗಿ ಓದು ಒಂದು ಅಡಗುತಾಣವಾಗುತ್ತದೆ. ನನ್ನ ಅಕ್ಕಿ ಚೀಲದಲ್ಲಿದ್ದ ಜೆರಾಕ್ಸಿನಲ್ಲಿ ಅರ್ಧಕ್ಕರ್ಧ ನನ್ನ ಪ್ರಬಂಧದ ಒಂದು ಸಾಲಿಗೂ ಬೇಕಾಗಲಿಲ್ಲ. ಬರೆಯಲು ಕೂತಿದ್ದರೆ ಅದು ಎರಡನೇ ವರ್ಷವೇ ತಿಳಿಯುತ್ತಿತ್ತು.

ಕೆರೆಯ ಏರಿ ಹರಿಯುವ ನೀರನ್ನು ಒಂದು ಕಡೆ ನಿಲ್ಲಿಸುವಂತೆ ಸಂಗ್ರಹವನ್ನೂ ಒಂದು ಕಡೆ ನಿಲ್ಲಿಸಬೇಕು. ನಾನು ಈಗ ಹೇಳಿಕೊಡುವ ರೀತಿ ಇದು. ಒಂದು ದಿನಾಂಕ ಗೊತ್ತುಮಾಡಿ. ಅಂದಿನಿಂದ ಹೊಸ ಪುಸ್ತಕ ತೆರೆಯುವಂತಿಲ್ಲ. ಬರೆಯುವಾಗ ಏನಾದರೂ ಕೊರತೆ ಕಂಡರೆ ಆ ಜಾಗದಲ್ಲಿ ಚೌಕ ಕಂಸ ಹಾಕಿ “ಇಲ್ಲಿ ಮೈಸೂರು ಸಂಸ್ಥಾನದ ಆಡಳಿತ ವರದಿ ನೋಡಬೇಕು” ಎಂದು ಬರೆದು ಮುಂದೆ ಹೋಗಿ. ಅಧ್ಯಾಯ ಮುಗಿದ ಮೇಲೆ ಕಂಸಗಳನ್ನೆಲ್ಲ ಒಂದು ಪಟ್ಟಿ ಮಾಡಿ, ಒಂದೇ ಸಲ ಗ್ರಂಥಾಲಯಕ್ಕೆ ಹೋಗಿಬನ್ನಿ. ಹಾಗೆ ಹೋದಾಗ ನಿಮಗೆ ಏನು ಬೇಕು ಎಂಬುದು ಪುಟಸಂಖ್ಯೆ ಮಟ್ಟದಲ್ಲಿ ಗೊತ್ತಿರುತ್ತದೆ. ಮೂರು ತಿಂಗಳ ಅಲೆದಾಟ ಎರಡು ದಿನದಲ್ಲಿ ಮುಗಿಯುತ್ತದೆ.

ಶೋಧಗಂಗಾದ ಬಗ್ಗೆಯೂ ಒಂದು ಮಾತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ಉಚಿತವಾಗಿ ಸಿಗುತ್ತವೆ, ಕನ್ನಡದವೂ ಇವೆ. ನಿಮ್ಮ ವಿಷಯಕ್ಕೆ ಹತ್ತಿರದ ಮೂರನ್ನು ಮಾತ್ರ ಆರಿಸಿ. ಅವುಗಳ ಪರಿವಿಡಿ, ಒಂದು ಅಧ್ಯಾಯದ ಉದ್ದ, ಅಡಿಟಿಪ್ಪಣಿ ಕೊಟ್ಟ ರೀತಿ ಇಷ್ಟನ್ನು ನೋಡಿ ಮುಚ್ಚಿಬಿಡಿ. ಡಾಕ್ಟರೇಟ್ ಪಡೆದ ಪ್ರಬಂಧವೊಂದು ನಿಜಕ್ಕೂ ಹೇಗಿರುತ್ತದೆ ಎಂದು ಕಂಡಾಗ ಮನಸ್ಸಿನಲ್ಲಿ ಕಟ್ಟಿಕೊಂಡ ಅಸಾಧ್ಯವಾದ ಮಾದರಿ ಕರಗುತ್ತದೆ. ನಾಲ್ಕನೆಯದನ್ನು ತೆರೆದರೆ ಮತ್ತೆ ಅಡಗುತಾಣಕ್ಕೆ ಹೊಕ್ಕಂತೆ.

ಒಂದು ಕೂರಿಕೆಗೆ ಒಂದು ಪ್ರಶ್ನೆ

“ಇವತ್ತು ಮೂರನೇ ಅಧ್ಯಾಯ ಬರೆಯಬೇಕು” ಎಂದು ಬರೆದುಕೊಂಡರೆ ಏನೂ ಆಗುವುದಿಲ್ಲ. ಮೂರನೇ ಅಧ್ಯಾಯವನ್ನು ಯಾರೂ ಬರೆಯಲಾರರು. ಬರೆಯಲು ಆಗುವುದು ಒಂದು ಸಣ್ಣ ಪ್ರಶ್ನೆಯ ಉತ್ತರವನ್ನು. ನನ್ನ ಮೂರನೇ ಅಧ್ಯಾಯದ ಹೆಸರು ‘ಕೆರೆ ನೀರಿನ ನಿರ್ವಹಣೆ’. ಆ ಹೆಸರನ್ನು ನೋಡಿದರೆ ಕೈ ಏಳುತ್ತಿರಲಿಲ್ಲ. ಒಂದು ಭಾನುವಾರ ಅದನ್ನು ಪ್ರಶ್ನೆಗಳಾಗಿ ಒಡೆದೆ. ನೀರುಗಂಟಿ ಯಾರು? ತೂಬು ತೆಗೆಯುವ ದಿನವನ್ನು ಯಾರು ನಿರ್ಧರಿಸುತ್ತಾರೆ? ಮಳೆ ಕಡಿಮೆಯಾದ ವರ್ಷ ಯಾರ ಗದ್ದೆಗೆ ಮೊದಲು ನೀರು? ಸರದಿ ತಪ್ಪಿದರೆ ಜಗಳ ಎಲ್ಲಿ ತೀರುತ್ತದೆ? ನೀರುಗಂಟಿಗೆ ಕೂಲಿ ಏನು? ಕೊಳವೆಬಾವಿ ಬಂದ ಮೇಲೆ ಅವನ ಕೆಲಸ ಏನಾಯಿತು? ಹೀಗೆ ಇಪ್ಪತ್ತಮೂರು ಪ್ರಶ್ನೆಗಳಾದವು. ಪ್ರತಿಯೊಂದನ್ನೂ ಒಂದೊಂದು ಚೀಟಿಯಲ್ಲಿ ಬರೆದು ಹಳೆಯ ಸ್ವೀಟ್ ಡಬ್ಬಿಯಲ್ಲಿ ಇಟ್ಟೆ. ಬೆಳಿಗ್ಗೆ ಒಂದು ಚೀಟಿ ತೆಗೆಯುವುದು, ಅದಕ್ಕೆ ಒಂದು ಪುಟ ಉತ್ತರ ಬರೆಯುವುದು. ಅಷ್ಟೇ ಅಂದಿನ ಕೆಲಸ.

ಚೀಟಿಗಳನ್ನು ಕ್ರಮದಲ್ಲಿ ತೆಗೆಯಬೇಕಿಲ್ಲ. ಪೀಠಿಕೆಯಿಂದ ಶುರುಮಾಡುವುದಂತೂ ಬೇಡವೇ ಬೇಡ. ಮನೆ ಕಟ್ಟುವ ಮೊದಲೇ ಗೃಹಪ್ರವೇಶದ ಕರೆಯೋಲೆ ಬರೆದ ಹಾಗೆ ಆಗುತ್ತದೆ. ಏನು ಹೇಳುತ್ತೀರಿ ಎಂದು ನಿಮಗೇ ಗೊತ್ತಿಲ್ಲದಾಗ ಅದನ್ನು ಪರಿಚಯಿಸುವುದು ಹೇಗೆ? ನಿಮಗೆ ಅತ್ಯಂತ ಚೆನ್ನಾಗಿ ಗೊತ್ತಿರುವ, ಯಾರಾದರೂ ಕೇಳಿದರೆ ಬಾಯಲ್ಲಿ ಗಂಟೆಗಟ್ಟಲೆ ಹೇಳಬಲ್ಲ ಭಾಗದಿಂದ ಆರಂಭಿಸಿ. ಕ್ಷೇತ್ರಕಾರ್ಯ ಮಾಡಿದವರಿಗೆ ಅದು ಸಾಮಾನ್ಯವಾಗಿ ನಡುವಿನ ಅಧ್ಯಾಯವಾಗಿರುತ್ತದೆ. ಪೀಠಿಕೆಯನ್ನೂ ಉಪಸಂಹಾರವನ್ನೂ ಕೊನೆಗೆ ಜೊತೆಯಾಗಿ ಬರೆಯಿರಿ.

ಕೆಟ್ಟ ಕರಡು ಬರೆಯುವ ಬಗೆ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು ಎಂದು ನಾನು ತಿಳಿದಿದ್ದೇನೆ. ‘ನೀರುಗಂಟಿ ಯಾರು’ ಎಂಬ ಚೀಟಿ ತೆಗೆದ ದಿನ ನಾನು ಬರೆದದ್ದು ಹಾಳೆಯಲ್ಲಿ ಇಂದಿಗೂ ಇದೆ. ತಿದ್ದದೆ ಕೊಡುತ್ತೇನೆ:

“ನೀರುಗಂಟಿ ಅಂದರೆ ಕೆರೆ ನೀರು ಹಂಚುವವನು. ತೂಬು ತೆಗೆಯುವುದು, ಮುಚ್ಚುವುದು ಅವನ ಕೆಲಸ. ವಂಶಪಾರಂಪರ್ಯ ಎಂದು ಎಲ್ಲರೂ ಹೇಳಿದರು [ಎಲ್ಲರೂ ಎಂದರೆ ಎಷ್ಟು ಊರು? ಎಣಿಸು]. ಕೂಲಿ ದುಡ್ಡಲ್ಲ, ಸುಗ್ಗಿಯಲ್ಲಿ ಧಾನ್ಯ. ನೀರು ಕಡಿಮೆ ಇದ್ದಾಗ ಅವನ ಮಾತೇ ಕೊನೆ. ಗೌಡರ ಗದ್ದೆಗೂ ಅವನು ಹೇಳಿದ ಹೊತ್ತಿಗೇ ನೀರು. ಇದು ಮುಖ್ಯ. ಯಾಕೆ ಮುಖ್ಯ? ಹೆಚ್ಚಿನ ನೀರುಗಂಟಿಗಳು ದಲಿತರು, ಅವರಿಗೆ ಕೆರೆಯ ಕೆಳಗೆ ಗದ್ದೆ ಇಲ್ಲ ಅಥವಾ ತುಂಬ ಕಡಿಮೆ. ಗದ್ದೆ ಇಲ್ಲದವನ ಕೈಯಲ್ಲಿ ನೀರು. [ತಾತ ಹೇಳಿದ ಮಾತು ಇಲ್ಲಿ ಬರಬೇಕು, ಧ್ವನಿಮುದ್ರಿಕೆ ಹುಡುಕು]”

ಇದನ್ನು ಯಾವ ಪರೀಕ್ಷಕರಿಗೂ ತೋರಿಸುವಂತಿಲ್ಲ. ವಾಕ್ಯಗಳು ತುಂಡುತುಂಡಾಗಿವೆ, ಆಧಾರವಿಲ್ಲ, ನನಗೆ ನಾನೇ ಹೇಳಿಕೊಂಡ ಮಾತುಗಳು ನಡುವೆ ಇವೆ. ಆದರೆ ‘ಗದ್ದೆ ಇಲ್ಲದವನ ಕೈಯಲ್ಲಿ ನೀರು’ ಎಂಬ ನಾಲ್ಕು ಪದ ನೋಡಿ. ಮೂರು ವರ್ಷ ಊರೂರು ಸುತ್ತಿದಾಗ ಹೊಳೆಯದೆ ಇದ್ದದ್ದು ಈ ಹಾಳೆಯ ಮೇಲೆ ಮೊದಲ ಬಾರಿಗೆ ಬಂತು. ನಂತರ ನನ್ನ ಇಡೀ ಅಧ್ಯಾಯ ಅದರ ಸುತ್ತ ಬೆಳೆಯಿತು. ವಾರದ ಬಳಿಕ ತಿದ್ದಿದಾಗ ಅದೇ ಭಾಗ ಹೀಗಾಯಿತು:

“ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ಹೊಣೆ ನೀರುಗಂಟಿಯದು. ನಾನು ಭೇಟಿಕೊಟ್ಟ ಬಹುತೇಕ ಊರುಗಳಲ್ಲಿ ಈ ಕೆಲಸ ತಂದೆಯಿಂದ ಮಗನಿಗೆ ಬಂದಿದೆ. ಅಚ್ಚುಕಟ್ಟಿನಲ್ಲಿ ಹೆಚ್ಚು ಭೂಮಿ ಇರುವ ಕುಟುಂಬಗಳೂ ನೀರಿನ ಸರದಿಯ ವಿಷಯದಲ್ಲಿ ಅವನ ತೀರ್ಮಾನಕ್ಕೆ ಒಳಪಡುತ್ತವೆ. ಅಚ್ಚುಕಟ್ಟಿನಲ್ಲಿ ಸ್ವಂತ ಹಿತಾಸಕ್ತಿ ಇಲ್ಲದಿರುವುದೇ ಅವನ ತೀರ್ಮಾನಕ್ಕೆ ಬೆಲೆ ತಂದಿರಬಹುದೇ ಎಂಬುದು ಈ ಅಧ್ಯಾಯದ ಪ್ರಶ್ನೆ.”

ಎರಡನೆಯದನ್ನು ನೇರವಾಗಿ ಬರೆಯಲು ಹದಿನಾಲ್ಕು ತಿಂಗಳು ಪ್ರಯತ್ನಿಸಿದ್ದೆ. ಆಗಲಿಲ್ಲ. ಮೊದಲನೆಯದನ್ನು ಬರೆಯಲು ಅರ್ಧ ಗಂಟೆ ಸಾಕಾಯಿತು, ತಿದ್ದಲು ಒಂದು ಗಂಟೆ.

ಹಾಗಾಗಿ ಕರಡು ಬರೆಯುವ ಹೊತ್ತಿನಲ್ಲಿ ತಿದ್ದಬೇಡಿ. ಹಿಂದಿನ ಸಾಲನ್ನು ಓದಲೂಬೇಡಿ. ಶೈಕ್ಷಣಿಕ ಭಾಷೆ ಬರಲಿಲ್ಲ ಎಂದು ನಿಲ್ಲಬೇಡಿ. ಅಣ್ಣನಿಗೋ ಅಕ್ಕನಿಗೋ ಹೇಳುವ ಹಾಗೆ ಬರೆಯಿರಿ. ಕೈಯಲ್ಲಿ ಬರೆದೇ ಅಭ್ಯಾಸ ಇರುವವರು ಕೈಯಲ್ಲೇ ಬರೆಯಿರಿ, ಟೈಪ್ ಮಾಡುವಾಗ ಮೊದಲ ತಿದ್ದುಪಡಿ ತಾನಾಗಿ ಆಗುತ್ತದೆ. ಖಾಲಿ ಹಾಳೆಯನ್ನು ಕಂಡರೆ ಕೈ ಕಟ್ಟುವವರಿಗೆ ಇನ್ನೊಂದು ದಾರಿ ಇದೆ. ಮೊಬೈಲಿನಲ್ಲಿ ಕನ್ನಡ ಧ್ವನಿ ಟೈಪಿಂಗ್ ತೆರೆದು, ಕೋಣೆಯಲ್ಲಿ ಅಡ್ಡಾಡುತ್ತ ಚೀಟಿಯ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ. ಒತ್ತಕ್ಷರ ತಪ್ಪಿರುತ್ತವೆ, ಪೂರ್ಣವಿರಾಮ ಇರುವುದಿಲ್ಲ, ಆದರೆ ಹತ್ತು ನಿಮಿಷದಲ್ಲಿ ಎರಡು ಪುಟದಷ್ಟು ಸರಕು ಎದುರಿಗೆ ಬರುತ್ತದೆ. ಪಾಠ ಹೇಳಿ ಅಭ್ಯಾಸವಿರುವ ಉಪನ್ಯಾಸಕರಿಗೆ ಇದು ಬಲು ಒಗ್ಗುತ್ತದೆ.

ಹೊತ್ತು, ಜಾಗ, ಮತ್ತು ಅದಕ್ಕೆ ಹೊಂದಿದ ಒಂದು ವಾಕ್ಯ

‘ಸಮಯ ಸಿಕ್ಕಾಗ ಬರೆಯುತ್ತೇನೆ’ ಎನ್ನುವವರಿಗೆ ಸಮಯ ಸಿಗುವುದಿಲ್ಲ. 1997ರಲ್ಲಿ ಪೀಟರ್ ಗೋಲ್‌ವಿಟ್ಜರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ ಪ್ರಕಟಿಸಿದ ಒಂದು ಪ್ರಯೋಗ ನಮಗೆ ಹತ್ತಿರದ್ದು, ಏಕೆಂದರೆ ಅದು ಬರವಣಿಗೆಯ ಮೇಲೆಯೇ ನಡೆದದ್ದು. ಕ್ರಿಸ್‌ಮಸ್ ಹಿಂದಿನ ಸಂಜೆಯನ್ನು ಹೇಗೆ ಕಳೆದಿರಿ ಎಂದು ಎರಡು ದಿನದೊಳಗೆ ಬರೆದು ಕಳುಹಿಸುವಂತೆ ಜರ್ಮನಿಯ ವಿದ್ಯಾರ್ಥಿಗಳಿಗೆ ಹೇಳಿದರು. ಅವರಲ್ಲಿ ಅರ್ಧ ಜನರಿಂದ ಮಾತ್ರ, ಯಾವಾಗ ಮತ್ತು ಎಲ್ಲಿ ಕೂತು ಬರೆಯುತ್ತೀರಿ ಎಂಬುದನ್ನು ಮೊದಲೇ ಬರೆಸಿಕೊಂಡರು. ಹಾಗೆ ಬರೆದುಕೊಟ್ಟವರಲ್ಲಿ ಸುಮಾರು ಮುಕ್ಕಾಲು ಭಾಗ ಜನ ಹೇಳಿದ ಅವಧಿಯಲ್ಲಿ ಮುಗಿಸಿದರು. ಉಳಿದವರಲ್ಲಿ ಮುಗಿಸಿದ್ದು ಸುಮಾರು ಮೂರನೇ ಒಂದು ಭಾಗ.

ನೀವೂ ಒಂದು ವಾಕ್ಯ ಬರೆದಿಡಿ: “ಬೆಳಿಗ್ಗೆ ಐದೂವರೆಗೆ ಕಾಫಿ ಲೋಟ ಕೆಳಗಿಟ್ಟ ಕೂಡಲೇ ಊಟದ ಮೇಜಿನ ಬಳಿ ಕೂತು ಒಂದು ಚೀಟಿ ತೆಗೆಯುತ್ತೇನೆ.” ದಿನವೂ ತಪ್ಪದೆ ನಡೆಯುವ ಒಂದು ಕೆಲಸದ ಬೆನ್ನಿಗೆ ಬರವಣಿಗೆಯನ್ನು ಕಟ್ಟುವುದು ಇದರ ಗುಟ್ಟು. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮೇಜಿನ ಮೇಲೆ ಮಗುಚಿಟ್ಟರೆ ಸಾಲದು. ಟೈಮರ್ ಇಟ್ಟು ಇಪ್ಪತ್ತೈದು ನಿಮಿಷ ಬರೆಯಿರಿ. ಮೊದಲ ವಾರ ಹದಿನೈದಾದರೂ ಸರಿ.

ಮನೆಗೆಲಸ, ಮಕ್ಕಳು, ಅತ್ತೆ-ಮಾವನ ಆರೈಕೆಯ ನಡುವೆ ಬರೆಯುವ ಹೆಣ್ಣುಮಕ್ಕಳಿಗೆ ‘ಬೆಳಿಗ್ಗೆ ಐದೂವರೆ’ ಎನ್ನುವುದು ಸುಲಭದ ಸಲಹೆಯಲ್ಲ ಎಂದು ಬಲ್ಲೆ. ಆ ಹೊತ್ತಿಗೆ ಒಲೆ ಹಚ್ಚಬೇಕಾದವರೂ ಅವರೇ. ನನ್ನ ವಿದ್ಯಾರ್ಥಿನಿಯೊಬ್ಬರು ಮಗುವನ್ನು ಶಾಲೆಯ ವ್ಯಾನ್ ಹತ್ತಿಸಿ ಮನೆಗೆ ಹಿಂದಿರುಗದೆ ನೇರವಾಗಿ ಊರಿನ ಗ್ರಂಥಾಲಯಕ್ಕೆ ಹೋಗಿ ಮುಕ್ಕಾಲು ಗಂಟೆ ಕೂರುತ್ತಿದ್ದರು. ಮನೆಗೆ ಹೋದರೆ ಯಾವುದಾದರೂ ಕೆಲಸ ಕಣ್ಣಿಗೆ ಬೀಳುತ್ತದೆ ಎನ್ನುತ್ತಿದ್ದರು. ಆ ಮುಕ್ಕಾಲು ಗಂಟೆಯನ್ನು ಮನೆಯವರಿಗೆ ಅವರು ‘ಕಾಲೇಜಿನ ಕೆಲಸ’ ಎಂದೇ ತಿಳಿಸಿದ್ದರು, ಮತ್ತು ಅದು ನಿಜವೂ ಹೌದು. ಕುಟುಂಬದವರು ಇದನ್ನು ಓದುತ್ತಿದ್ದರೆ ಒಂದು ಬೇಡಿಕೆ: ಆ ಹೊತ್ತಿನಲ್ಲಿ ಅವರನ್ನು ಕರೆಯಬೇಡಿ.

ಬೇಸಿಗೆ ರಜೆಯಲ್ಲಿ ಒಂದೇ ಸಮನೆ ಕೂತು ಮುಗಿಸುತ್ತೇನೆ ಎಂಬ ಯೋಜನೆಯನ್ನು ನಾನು ಒಪ್ಪುವುದಿಲ್ಲ. ಹಾಗೆ ಹತ್ತು ಗಂಟೆ ಬರೆದವರು ಮೂರನೇ ದಿನ ಬಳಲಿ, ಮುಂದಿನ ಎರಡು ವಾರ ಕಡತವನ್ನು ಮುಟ್ಟದಿರುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ನೀರುಗಂಟಿ ಇಡೀ ತೂಬನ್ನು ಒಂದೇ ದಿನ ತೆರೆದುಬಿಡುವುದಿಲ್ಲ. ಬೆಳೆ ಕೈಗೆ ಬರುವವರೆಗೂ ನೀರು ಉಳಿಯಬೇಕಲ್ಲ.

ಏಳುವ ಮೊದಲು ಎರಡು ನಿಮಿಷ ಉಳಿಸಿಕೊಂಡು, ನಾಳೆ ಎಲ್ಲಿಂದ ಶುರು ಎಂದು ಒಂದು ಸಾಲು ಬರೆಯಿರಿ. “ನಾಳೆ: ಕೂಲಿಯ ಪ್ರಶ್ನೆ, ಧ್ವನಿಮುದ್ರಿಕೆಯ ಎರಡನೇ ಭಾಗ ಕೇಳಿ ಶುರು.” ಮರುದಿನ ಕಡತ ತೆರೆದಾಗ ಖಾಲಿ ಪುಟದ ಬದಲು ನಿಮ್ಮದೇ ಕೈಬರಹ ನಿಮ್ಮನ್ನು ಕರೆಯುತ್ತದೆ.

ಅಕ್ಷರ, ಆಕರ, ಪ್ರತಿ

ಈ ಮೂರನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ಕಡೆಗಣಿಸಬೇಡಿ. ಕನ್ನಡದಲ್ಲಿ ಬರೆಯುವವರು ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಬರೆಯಿರಿ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬರೆದು ಕೊನೆಯ ವಾರ ಪರಿವರ್ತಿಸಿದರೆ ಒತ್ತಕ್ಷರ, ಅರ್ಕಾವತ್ತುಗಳು ಚದುರಿ 250 ಪುಟವನ್ನು ಮತ್ತೆ ಓದಬೇಕಾಗುತ್ತದೆ. ಓದಿದ ಪುಸ್ತಕದ ವಿವರವನ್ನು ಅದೇ ದಿನ ಜೊಟೆರೊದಂಥ ಉಚಿತ ತಂತ್ರಾಂಶದಲ್ಲಿ ಅಥವಾ ಒಂದು ನೋಟ್‌ಬುಕ್ಕಿನಲ್ಲಿ ಪುಟಸಂಖ್ಯೆ ಸಹಿತ ದಾಖಲಿಸಿ. ಕಡತದ ಪ್ರತಿ ಎರಡು ಕಡೆ ಇರಲಿ.

ಆಕರವನ್ನು ಆಗಲೇ ಗುರುತಿಸುವುದಕ್ಕೆ ಗಂಭೀರವಾದ ಕಾರಣವೂ ಇದೆ. ಕೊನೆಯ ತಿಂಗಳ ಅವಸರದಲ್ಲಿ ಯಾರದೋ ಪ್ಯಾರಾ ಹಾಗೇ ಸೇರಿಹೋಗುತ್ತದೆ, ಬಹಳ ಸಲ ಉದ್ದೇಶವಿಲ್ಲದೆ. ಯುಜಿಸಿಯ 2018ರ ಕೃತಿಚೌರ್ಯ ನಿಯಮಗಳ ಪ್ರಕಾರ ಬೇರೆಯವರ ಬರಹದೊಂದಿಗೆ ಸಾಮ್ಯ ಶೇಕಡಾ 10ರವರೆಗೆ ಇದ್ದರೆ ದಂಡನೆಯಿಲ್ಲ. 10ರಿಂದ 40ರ ನಡುವೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಆರು ವರ್ಷದ ದುಡಿಮೆಯನ್ನು ಕೊನೆಯ ತಿಂಗಳಿಗೆ ಬಲಿಕೊಡಬೇಡಿ.

ಮಾರ್ಗದರ್ಶಕರಿಗೆ ಹಸಿ ಪುಟಗಳನ್ನು ಕೊಡಿ

ಪೂರ್ಣ ಅಧ್ಯಾಯ ಮುಗಿಸಿಯೇ ತೋರಿಸಬೇಕು ಎಂಬ ಸಂಕೋಚ ನಮ್ಮಲ್ಲಿ ಬಹಳ. ಗುರುಗಳ ಮುಂದೆ ಅರೆಬರೆ ಹಿಡಿದು ಹೋಗುವುದು ಅಗೌರವ ಎನಿಸುತ್ತದೆ. ಈಗ ಆ ಕಡೆಯ ಕುರ್ಚಿಯಲ್ಲಿ ಕೂತಿರುವ ನಾನು ಹೇಳುತ್ತೇನೆ: ಎರಡು ವರ್ಷ ಏನೂ ಕೊಡದೆ ಒಮ್ಮೆಲೇ 80 ಪುಟ ತಂದಿಡುವ ವಿದ್ಯಾರ್ಥಿಗಿಂತ ತಿಂಗಳಿಗೆ ಐದು ಹಸಿ ಪುಟ ಕೊಡುವ ವಿದ್ಯಾರ್ಥಿಗೆ ಸಹಾಯ ಮಾಡುವುದು ಎಷ್ಟೋ ಸುಲಭ. ದಾರಿ ತಪ್ಪಿದ್ದರೆ ಐದನೇ ಪುಟದಲ್ಲೇ ತಿಳಿಯುತ್ತದೆ. ಕೊಡುವಾಗ “ಭಾಷೆ ತಿದ್ದುವುದು ಬೇಡ ಮೇಡಂ, ವಾದ ಸರಿಯಿದೆಯೇ ಎಂದಷ್ಟೇ ನೋಡಿ” ಎಂದು ಹೇಳಿ. ಕೊಟ್ಟದ್ದನ್ನು ತಿಂಗಳುಗಟ್ಟಲೆ ಓದದ ಮಾರ್ಗದರ್ಶಕರೂ ಇದ್ದಾರೆ, ಅದು ವಿದ್ಯಾರ್ಥಿಗಳಿಗೆ ಆಗುವ ಅನ್ಯಾಯ. ಹಾಗಿದ್ದಾಗ ಕಾಯುತ್ತ ಕೂರದೆ ಮುಂದಿನ ಚೀಟಿಗೆ ಹೋಗಿ. ಜೊತೆಯ ಸಂಶೋಧನಾರ್ಥಿ ಒಬ್ಬರೊಂದಿಗೆ ಶನಿವಾರ ಶನಿವಾರ ಪುಟ ಬದಲಾಯಿಸಿಕೊಳ್ಳಿ.

ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಒಪ್ಪಿಸಬೇಕೆಂಬ ನಿಯಮವಿದೆ. ಹೆಚ್ಚಿನವರು ಇದನ್ನು ಹೇಗಾದರೂ ದಾಟಬೇಕಾದ ಗಂಡಾಂತರ ಎಂದುಕೊಳ್ಳುತ್ತಾರೆ. ಅದನ್ನೇ ನಿಮ್ಮ ಗಡುವಾಗಿ ಮಾಡಿಕೊಳ್ಳಿ. ಸ್ಲೈಡುಗಳ ಬದಲು ಹದಿನೈದು ಪುಟ ಬರಹ ಒಪ್ಪಿಸುತ್ತೇನೆ ಎಂದು ಮೊದಲೇ ತಿಳಿಸಿಬಿಡಿ.

ಕೊಂಡಿ ತಪ್ಪಿದ ಮೇಲೆ

ತಪ್ಪೇ ತಪ್ಪುತ್ತದೆ. ಪರೀಕ್ಷೆ ಬರುತ್ತದೆ, ಮನೆಯಲ್ಲಿ ಸಾವು-ನೋವು ಆಗುತ್ತದೆ, ಒಂದು ವಾರ ತಪ್ಪಿದ್ದು ಎರಡು ತಿಂಗಳಾಗುತ್ತದೆ. ಆಗ ಮೊದಲು ಬರುವುದು ತನ್ನ ಮೇಲೆಯೇ ಸಿಟ್ಟು. ಆ ಸಿಟ್ಟಿನಿಂದ ಕೆಲಸ ಮುಂದೆ ಹೋಗುವುದಿಲ್ಲ. ಒಟ್ಟಾವಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಮೈಕೆಲ್ ವೋಲ್, ತಿಮೋತಿ ಪಿಚಿಲ್ ಮತ್ತು ಶಾನನ್ ಬೆನೆಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಎರಡನೇ ಪರೀಕ್ಷೆಗೆ ಕಡಿಮೆ ಮುಂದೂಡಿದ್ದು ಕಂಡುಬಂತು. ಬೈದುಕೊಂಡಷ್ಟೂ ಕಡತ ಹೆಚ್ಚು ಭಯಾನಕವಾಗುತ್ತದೆ. ಮರಳಿ ಕೂತ ಮೊದಲ ದಿನ ಬಿಟ್ಟುಹೋದ ಪುಟಗಳ ಲೆಕ್ಕ ಹಾಕಬೇಡಿ. ಹತ್ತು ನಿಮಿಷ, ಒಂದು ಚೀಟಿ, ಐದು ಸಾಲು.

ಆದರೆ ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ ವಾರಗಳು ಕಳೆಯುತ್ತಿದ್ದರೆ ಅದು ಬರವಣಿಗೆಯ ತೊಂದರೆ ಮಾತ್ರವಾಗಿರಲಿಕ್ಕಿಲ್ಲ. ಆಗ ಚೀಟಿ, ಟೈಮರ್ ಬದಿಗಿಟ್ಟು ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಕರೆ ಉಚಿತ.

ಇನ್ನು, ತಿಂಗಳುಗಟ್ಟಲೆ ಮಾರ್ಗದರ್ಶಕರ ಕರೆ ತೆಗೆಯದೆ, ವಿಭಾಗದ ಕಡೆ ಹೋಗಲು ಮುಖವಿಲ್ಲದೆ ಇರುವವರಿಗೆ. ಈ ಮೌನ ಒಂದೊಂದು ದಿನಕ್ಕೂ ಭಾರವಾಗುತ್ತದೆ, ಅನುಭವದಿಂದ ಬಲ್ಲೆ. ದೊಡ್ಡ ವಿವರಣೆ ಬೇಡ, ಕ್ಷಮೆಯ ನಾಲ್ಕು ಪ್ಯಾರಾ ಬೇಡ. ಇಂದೇ ಒಂದು ಚೀಟಿಗೆ ಎರಡು ಪುಟ ಉತ್ತರ ಬರೆಯಿರಿ, ಎಷ್ಟು ಒರಟಾಗಿದ್ದರೂ ಸರಿ. ನಾಳೆ ಬೆಳಿಗ್ಗೆ ಇಷ್ಟು ಕಳುಹಿಸಿ:

“ಸರ್, ನಮಸ್ಕಾರ. ಕೆಲವು ತಿಂಗಳಿಂದ ಸಂಪರ್ಕದಲ್ಲಿ ಇರಲಾಗಲಿಲ್ಲ, ಕ್ಷಮಿಸಿ. ಮೂರನೇ ಅಧ್ಯಾಯದ ಎರಡು ಪುಟ ಬರೆದಿದ್ದೇನೆ, ಲಗತ್ತಿಸಿದ್ದೇನೆ. ಇದೇ ದಾರಿಯಲ್ಲಿ ಮುಂದುವರಿಯಲೇ ಎಂದು ತಿಳಿಸಿದರೆ ಉಪಕಾರ. ಮುಂದಿನ ಐದು ಪುಟವನ್ನು 15ನೇ ತಾರೀಕಿಗೆ ಕಳುಹಿಸುತ್ತೇನೆ.”

ನಾನು ಹೀಗೆ ಕಳುಹಿಸಿದ ದಿನ ನನ್ನ ಮಾರ್ಗದರ್ಶಕರಿಂದ ಅರ್ಧ ಗಂಟೆಯಲ್ಲಿ ಕರೆ ಬಂತು. ಹದಿನಾಲ್ಕು ತಿಂಗಳ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ. “ಆ ಗದ್ದೆ ಇಲ್ಲದವನ ಕೈಯಲ್ಲಿ ನೀರು ಎಂದಿದ್ದೀರಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಿ” ಎಂದರು.